ಗರ್ಭಕೋಶದ ಕೋಶಗಳಲ್ಲಿ ಗ್ರಾಹಕಗಳ ಏರಿಳಿತವನ್ನು ಅಳೆಯುವ ಕ್ರಮ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗಳಿಂದ ಮಾನಸಗಂಗೋತ್ರಿಗೆ ಪ್ರಾಣಿಶಾಸ್ತ್ರ ಓದಲು ಬರುವ ವಿದ್ಯಾರ್ಥಿಗಳು ಪ್ರಾಜೆಕ್ಟ್ ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಮೊದಲು ಕೇಳುವುದು, ಹಾರ್ಮೋನನ್ನು ಎಷ್ಟು ಹಾಕಬೇಕೆಂದು. ಅದಕ್ಕೂ ಮುಂಚೆ, ಈಗಾಗಲೇ ಇರುವ ಹಾರ್ಮೋನನ್ನು ತೆಗೆಯುವುದು ಹೇಗೆಂದು ಯೋಚಿಸಬೇಕು. ನೀರು ನಿಂತ ಗದ್ದೆಗೆ ಮತ್ತೆ ತೂಬು ಎತ್ತಿದರೆ ನಾಲೆಯಿಂದ ಎಷ್ಟು ನೀರು ಬಂತೆಂದು ಯಾರಿಗೂ ತಿಳಿಯದು.

ಗರ್ಭಕೋಶದ ಒಳಪದರದಲ್ಲಿ (ಎಂಡೋಮೆಟ್ರಿಯಂ) ಗ್ರಾಹಕಗಳ, ಅಂದರೆ ಹಾರ್ಮೋನ್ ಬಂದು ಕೂಡಿಕೊಳ್ಳುವ ಪ್ರೋಟೀನುಗಳ, ಪ್ರಮಾಣ ಒಂದೇ ಸಮನಾಗಿ ಇರುವುದಿಲ್ಲ. ಋತುಚಕ್ರದ ಮೊದಲರ್ಧದಲ್ಲಿ, ಈಸ್ಟ್ರೋಜನ್ ಹಾರ್ಮೋನುಗಳಲ್ಲಿ ಮುಖ್ಯವಾದ ಎಸ್ಟ್ರಡಯಾಲ್ ತನ್ನ ಗ್ರಾಹಕವನ್ನೂ (ಈಸ್ಟ್ರೋಜನ್ ಗ್ರಾಹಕ) ಪ್ರೊಜೆಸ್ಟರಾನ್ ಗ್ರಾಹಕವನ್ನೂ ಹೆಚ್ಚಿಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎರಡನ್ನೂ ತಗ್ಗಿಸುತ್ತದೆ. ಈ ಇಳಿಕೆ ಗ್ರಂಥಿಗಳ ಹೊದಿಕೆಯಾದ ಎಪಿಥೀಲಿಯಂನಲ್ಲಿ ಎದ್ದು ಕಾಣುತ್ತದೆ, ಆದರೆ ಗ್ರಂಥಿಗಳ ಸುತ್ತಲಿನ ಆಧಾರ ಅಂಗಾಂಶವಾದ ಸ್ಟ್ರೋಮಾದಲ್ಲಿ ಪ್ರೊಜೆಸ್ಟರಾನ್ ಗ್ರಾಹಕ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಆದ್ದರಿಂದ ಇಡೀ ಅಂಗಾಂಶವನ್ನು ಅರೆದು ಅಳೆಯುವುದಕ್ಕಿಂತ ಒಂದೇ ಬಗೆಯ ಕೋಶದಿಂದ ಆರಂಭಿಸುವುದು ಲೇಸು. ಮಾನವ ಎಂಡೋಮೆಟ್ರಿಯಂ ಕ್ಯಾನ್ಸರಿನಿಂದ ಪಡೆದ, ಎರಡೂ ಗ್ರಾಹಕಗಳಿರುವ ಇಶಿಕಾವ ಕೋಶಗಳು ಇದಕ್ಕೆ ಒದಗುತ್ತವೆ.

ಕೋಶಗಳು ತಟ್ಟೆಗೆ ಅಂಟಿಕೊಂಡ ಮೇಲೆ ಅವುಗಳನ್ನು ಫೀನಾಲ್ ರೆಡ್ ಎಂಬ ಬಣ್ಣ ಇಲ್ಲದ ಪೋಷಕ ಮಾಧ್ಯಮಕ್ಕೂ, ಇದ್ದಿಲು-ಡೆಕ್ಸ್‌ಟ್ರಾನ್‌ನಿಂದ ಸ್ಟೀರಾಯ್ಡ್ ತೆಗೆದ ಶೇ. 5ರ ಸೀರಮ್‌ಗೂ ಬದಲಾಯಿಸಿ 48 ಗಂಟೆ ಬಿಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನನ್ನ ಪ್ರಯೋಗದಲ್ಲಿ, ಏನನ್ನೂ ಸೇರಿಸದ ವೆಲ್‌ಗಳಲ್ಲೂ (ತಟ್ಟೆಯ ಪುಟ್ಟ ಕುಳಿಗಳು) ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್ ವಿಧಾನದಲ್ಲಿ ಪ್ರೊಜೆಸ್ಟರಾನ್ ಗ್ರಾಹಕದ ಪಟ್ಟಿ ದಟ್ಟವಾಗಿ ಮೂಡಿತು. ಮೂರು ವಾರ ಪ್ರತಿಕಾಯವನ್ನು ಅನುಮಾನಿಸಿದ ಬಳಿಕವೇ ನನ್ನ ಗಮನ ಫ್ಲಾಸ್ಕಿನ ಆ ಗುಲಾಬಿಗೆಂಪು ದ್ರವದ ಕಡೆ ಹೋಯಿತು. ಆಮ್ಲ ಹೆಚ್ಚಾದಾಗ ಹಳದಿಗೆ ತಿರುಗಿ ನಮ್ಮನ್ನು ಎಚ್ಚರಿಸುವ ಅದೇ ಬಣ್ಣ ದುರ್ಬಲ ಈಸ್ಟ್ರೋಜನ್‌ನಂತೆಯೂ ವರ್ತಿಸುತ್ತದೆ ಎಂಬುದು 1986ರಲ್ಲೇ ವರದಿಯಾಗಿತ್ತು.

ಬಳಿಕ ಎಸ್ಟ್ರಡಯಾಲನ್ನು 10 ನ್ಯಾನೋಮೋಲಾರ್ ಪ್ರಮಾಣದಲ್ಲಿ ಸೇರಿಸಿ 24, 48 ಮತ್ತು 72 ಗಂಟೆಗಳಲ್ಲಿ ಕೋಶಗಳನ್ನು ತೆಗೆಯಿರಿ. ಹಾರ್ಮೋನನ್ನು ಕರಗಿಸಿದ ಎಥನಾಲ್ ಎಲ್ಲ ವೆಲ್‌ಗಳಲ್ಲೂ ಸಮನಾಗಿ, ಶೇ. 0.1ನ್ನು ಮೀರದಂತೆ ಇರಲಿ. ಇನ್ನೊಂದು ಸಾಲಿಗೆ ಎಸ್ಟ್ರಡಯಾಲ್ ಜೊತೆಗೆ ಈಸ್ಟ್ರೋಜನ್ ಗ್ರಾಹಕವನ್ನು ತಡೆದು ನಾಶಮಾಡುವ ಔಷಧವಾದ ಫಲ್ವೆಸ್ಟ್ರಾಂಟನ್ನು 1 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಹಾಕಬೇಕು. ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೊಜೆಸ್ಟರಾನ್ ಗ್ರಾಹಕಕ್ಕೆ ಎ ಮತ್ತು ಬಿ ಎಂಬ ಎರಡು ಪಟ್ಟಿಗಳು ಬರುತ್ತವೆ. ಎ ರೂಪದಲ್ಲಿ ಬಿ ರೂಪದ ಮೊದಲ 164 ಅಮೈನೋ ಆಮ್ಲಗಳಿಲ್ಲ. ಎರಡನ್ನೂ ಕೂಡಿಸಿಬಿಡದೆ ಬೇರೆ ಬೇರೆಯಾಗಿಯೇ ಬರೆದಿಡಿ. ಈಸ್ಟ್ರೋಜನ್ ಗ್ರಾಹಕದ ಪ್ರೋಟೀನು ಹಾರ್ಮೋನ್ ಕೂಡಿಕೊಂಡ ಮೇಲೆ ಬೇಗ ನಾಶವಾಗಬಲ್ಲದಾದ್ದರಿಂದ, ಪ್ರೋಟೀನು ತಯಾರಿಸುವ ಸೂಚನೆ ಹೊರುವ ಸಂದೇಶ ಆರ್‌ಎನ್‌ಎ ಅಳೆಯದೆ ಪ್ರೋಟೀನೊಂದನ್ನೇ ನೋಡಿ ಗ್ರಾಹಕದ ತಯಾರಿಕೆ ನಿಂತಿದೆ ಎನ್ನಬಾರದು.

ಕೋಶಗಳನ್ನು ಬೆಳೆಯಲು ಪ್ರಚೋದಿಸುವ ಪೆಪ್ಟೈಡ್‌ಗಳಾದ ಬೆಳವಣಿಗೆ ಅಂಶಗಳ ಭಾಗವೇ ನನಗೆ ಹೆಚ್ಚು ಕುತೂಹಲದ್ದು. ಎಪಿಡರ್ಮಲ್ ಬೆಳವಣಿಗೆ ಅಂಶವು ಈಸ್ಟ್ರೋಜನ್ ಗ್ರಾಹಕಕ್ಕೆ ಅಂಟುವುದಿಲ್ಲ. ಕೋಶದ ಹೊರಪೊರೆಯಲ್ಲಿರುವ ತನ್ನ ಗ್ರಾಹಕಕ್ಕೆ ಕೂಡಿಕೊಂಡು, ಫಾಸ್ಫೇಟ್ ಸೇರಿಸುವ ಕಿಣ್ವಗಳಾದ ಕೈನೇಸ್‌ಗಳ ಸರಣಿಯ ಮೂಲಕ ಈಸ್ಟ್ರೋಜನ್ ಗ್ರಾಹಕದ 118ನೇ ಸ್ಥಾನದ ಅಮೈನೋ ಆಮ್ಲವಾದ ಸೆರೀನ್‌ಗೆ ಫಾಸ್ಫೇಟ್ ಸೇರುವಂತೆ ಮಾಡುತ್ತದೆ. ಇಲಿಗಳ ಗರ್ಭಕೋಶದಲ್ಲಿ ಇದು ಹಾರ್ಮೋನಿಲ್ಲದೆಯೂ ಈಸ್ಟ್ರೋಜನ್‌ನಂಥ ಪರಿಣಾಮ ತೋರಿತು. ಈಸ್ಟ್ರೋಜನ್ ಗ್ರಾಹಕದ ಜೀನನ್ನೇ ಕೆಡಿಸಿದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ ಎಂದು 1996ರಲ್ಲಿ ಪ್ರಕಟವಾಯಿತು. ಇದನ್ನು ಪರೀಕ್ಷಿಸುವಾಗ ಸೀರಮ್ ಅನ್ನು ಪೂರ್ತಿಯಾಗಿ ಕೈಬಿಡಬೇಕು, ಏಕೆಂದರೆ ಇದ್ದಿಲು ಸ್ಟೀರಾಯ್ಡ್‌ಗಳನ್ನು ಹೀರಿದರೂ ಪೆಪ್ಟೈಡ್ ಅಂಶಗಳೆಲ್ಲ ಹೋಗುವುದಿಲ್ಲ. ಬೆಳವಣಿಗೆ ಅಂಶವನ್ನು ಒಂಟಿಯಾಗಿ, ಎಸ್ಟ್ರಡಯಾಲ್ ಜೊತೆಗೆ, ಮತ್ತು ಫಲ್ವೆಸ್ಟ್ರಾಂಟ್ ಜೊತೆಗೆ ಹೀಗೆ ಮೂರು ಬಗೆಯಲ್ಲಿ ಕೊಡಿ. ಮೂರನೆಯದರಲ್ಲೂ ಪ್ರೊಜೆಸ್ಟರಾನ್ ಗ್ರಾಹಕ ಏರಿಯೇ ಇದ್ದರೆ, ಮೊದಲು ಅದೇ ವೆಲ್‌ನಲ್ಲಿ ಈಸ್ಟ್ರೋಜನ್ ಗ್ರಾಹಕ ನಿಜವಾಗಿಯೂ ನಶಿಸಿದೆಯೇ ಎಂದು ನೋಡಿ. ನಶಿಸಿದ್ದರೆ ಮಾತ್ರ, ಅಂಶವು ಆ ಗ್ರಾಹಕವನ್ನು ಬಳಸದೆ ಬೇರೆ ದಾರಿ ಹಿಡಿದಿದೆ ಎಂದು ಬರೆಯಬಹುದು.