ಕಾರಿನ ಡಿಕ್ಕಿಯಲ್ಲಿ ಮಳೆನೀರು: ಸೋರುವ ಜಾಗ ಪತ್ತೆಹಚ್ಚಿ ಸರಿಪಡಿಸುವುದು ಹೇಗೆ?

ಮಳೆಗಾಲದಲ್ಲಿ ಡಿಕ್ಕಿಯಿಂದ ಮುಗ್ಗಲು ವಾಸನೆ ಬರತೊಡಗಿದರೆ, ಹಿಂದಿನ ಗಾಜಿನ ಒಳಮೈಯಲ್ಲಿ ಪದೇ ಪದೇ ಹಬೆ ಕಟ್ಟಿದರೆ, ಮೊದಲು ಸ್ಟೆಪ್ನಿಯನ್ನು ಎತ್ತಿ ಅದರ ಕೆಳಗಿನ ಗುಂಡಿಯನ್ನು ನೋಡಬೇಕು. ಎಲ್ಲಿಂದ ನುಗ್ಗಿದ ನೀರಾದರೂ ಕೊನೆಗೆ ತಗ್ಗಾದ ಆ ಜಾಗಕ್ಕೇ ಇಳಿಯುವುದರಿಂದ, ನೀರು ನಿಂತಲ್ಲಿಯೇ ತೂತಿದೆಯೆಂದು ಭಾವಿಸಿ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಳಿಯುವುದು ವ್ಯರ್ಥ. ನೀರು ಒಳಬರುವುದನ್ನು ಕಣ್ಣಾರೆ ಕಾಣುವವರೆಗೆ ಯಾವ ಅಂಟನ್ನೂ ಬಳಸಬಾರದು.

ಡಿಕ್ಕಿಯನ್ನು ಖಾಲಿ ಮಾಡಿ, ಮ್ಯಾಟ್ ಮತ್ತು ಪಕ್ಕದ ಹೊದಿಕೆಗಳನ್ನು ತೆಗೆದು, ಒಳಗೆಲ್ಲ ಒಣಬಟ್ಟೆಯಿಂದ ಒರೆಸಿರಿ. ತಗಡಿನ ಮೇಲೆ ಕೆಸರಿನ ಗೆರೆ ಅಥವಾ ತುಕ್ಕಿನ ಕಲೆ ಇದ್ದರೆ ನೀರಿನ ಹಾದಿ ಬಹುಮಟ್ಟಿಗೆ ಅದೇ. ಬೆಸುಗೆಯ ಜೋಡಣೆಗಳ ಉದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿದರೆ ಹನಿ ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಪರೀಕ್ಷೆಗೆ ಇಬ್ಬರು ಬೇಕು. ಹಿಂದಿನ ಸೀಟನ್ನು ಮಡಚಿ ಒಬ್ಬರು ಟಾರ್ಚ್ ಹಿಡಿದು ಒಳಗಿನಿಂದ ನೋಡುತ್ತಿರಲಿ. ಸೀಟು ಮಡಚಲಾಗದ ಕಾರಿನಲ್ಲಿ ಯಾರೂ ಡಿಕ್ಕಿಯೊಳಗೆ ಕೂರಬಾರದು, ಪೌಡರನ್ನೇ ನಂಬಬೇಕು. ಇನ್ನೊಬ್ಬರು ಸಾಧಾರಣ ಪೈಪಿನಿಂದ, ಕೆಳಗಿನಿಂದ ಮೇಲಕ್ಕೆ, ಅಂದರೆ ಬಂಪರಿನ ಅಂಚು, ಹಿಂದಿನ ದೀಪಗಳು, ಡಿಕ್ಕಿಯ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ), ಗಾಜು, ಕೊನೆಗೆ ಚಾವಣಿಯ ಜೋಡಣೆ, ಹೀಗೆ ಒಂದೊಂದರ ಮೇಲೂ ಕೆಲವು ನಿಮಿಷ ನೀರು ಬಿಡಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಟ್ಟಿಗೆ ತೊಯ್ದು, ಯಾವುದು ಸೋರುತ್ತಿದೆ ಎಂಬುದೇ ತಿಳಿಯದು. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಬೇಡ. ಮಳೆಯ ನೀರು ಎಂದೂ ಹೋಗದ ಕಡೆಗೂ ಅದು ನೀರನ್ನು ನುಗ್ಗಿಸುತ್ತದೆ.

ಹೆಚ್ಚು ಅನುಮಾನಿಸಬೇಕಾದದ್ದು ಹಿಂದಿನ ದೀಪಗಳ ಗ್ಯಾಸ್ಕೆಟ್ಟನ್ನು, ಅಂದರೆ ದೀಪಕ್ಕೂ ತಗಡಿಗೂ ನಡುವೆ ನೀರು ತಡೆಯುವ ಮೆತ್ತೆಯನ್ನು. ನಟ್ ಬಿಚ್ಚಿ ದೀಪವನ್ನು ಹೊರತೆಗೆದು, ಕೂರುವ ಜಾಗವನ್ನು ಒರೆಸಿ, ಹಳತಾಗಿ ಗಟ್ಟಿಯಾಗಿರುವ ಗ್ಯಾಸ್ಕೆಟ್ಟನ್ನು ಬದಲಿಸಿರಿ. ಹೊಸದು ಸಿಗದಿದ್ದರೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಸಾಕು. ಪ್ಲಾಸ್ಟಿಕ್ ಸೀಳದಂತೆ ನಟ್‌ಗಳನ್ನು ಸಮನಾಗಿ, ಹದವಾಗಿ ಬಿಗಿಯಬೇಕು. ಬೀಡಿಂಗ್‌ನ ಬಿಗಿಯನ್ನು ತಿಳಿಯಲು ಕಾಗದದ ಪಟ್ಟಿಯೊಂದನ್ನು ಇಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ: ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಕೆಲವೊಮ್ಮೆ ರಬ್ಬರ್ ಚೆನ್ನಾಗಿಯೇ ಇದ್ದು, ಲಾಕ್‌ನ ಕೊಂಡಿಯನ್ನು ಸ್ವಲ್ಪ ಇಳಿಸಿದರೆ ಸಾಕಾಗುತ್ತದೆ.

ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ವೈಪರಿನ ಬುಡವನ್ನೂ ಮೇಲಿನ ಬ್ರೇಕ್ ದೀಪವನ್ನೂ ನೋಡಿರಿ. ಗಾಜಿಗೆ ನೀರು ಚಿಮ್ಮಿಸುವ ವಾಷರ್ ಒತ್ತಿದಾಗಷ್ಟೇ ಒದ್ದೆಯಾದರೆ ದೋಷ ಅದರ ಪೈಪಿನದು. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಕಾರಿನಲ್ಲಿ ಬೆಸುಗೆಯ ಜೋಡಣೆಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಬಿರುಕಿನಲ್ಲಿನ ಹಳೆಯ ಸೀಲೆಂಟ್ ಕೆರೆದು, ಪೂರ್ತಿ ಒಣಗಿಸಿ, ಪಾಲಿಯುರಿಥೇನ್ ಸೀಲೆಂಟ್ ತುಂಬಿರಿ. ಹುಳಿ ವಾಸನೆಯ ಸಿಲಿಕೋನ್ ಬೇಡವೇ ಬೇಡ. ಒಣಗುವಾಗ ಅದು ಬಿಡುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಹಿಂದಿನ ಗಾಜಿನ ಅಂಟು ಬಿಟ್ಟಿದ್ದರೆ ಗಾಜಿನ ಕೆಲಸದವರಿಗೇ ಒಪ್ಪಿಸುವುದು ಲೇಸು.

ನೀರು ಹೋಗಲೆಂದು ಸ್ಟೆಪ್ನಿ ಗುಂಡಿಯ ರಬ್ಬರ್ ಬಿರಡೆಯನ್ನು ಕಿತ್ತು ಹಾಗೆಯೇ ಬಿಡುವ ರೂಢಿ ಅಪಾಯಕಾರಿ. ಆ ತೂತಿನಿಂದ ಕೆಸರಷ್ಟೇ ಅಲ್ಲ, ಸೈಲೆನ್ಸರಿನ ಹೊಗೆಯೂ ಒಳಸೇರಬಹುದು. ಸೀಲೆಂಟ್ ಒಣಗಿದ ಮೇಲೆ ಮತ್ತೊಮ್ಮೆ ನೀರು ಬಿಟ್ಟು ನೋಡಿ, ತುಕ್ಕನ್ನು ಉಜ್ಜಿ ಪ್ರೈಮರ್ ಮತ್ತು ಬಣ್ಣ ಹಚ್ಚಿ, ಬಿಸಿಲಿನಲ್ಲಿ ಪೂರ್ತಿ ಒಣಗಿದ ಮ್ಯಾಟನ್ನಷ್ಟೇ ಮರಳಿ ಹಾಸಿರಿ.