ಟೈಪ್ ಸ್ಪೇಸ್ ಕಟ್ಟದೆ ಲೋಕಲ್ ಕಾಂಪೊನೆಂಟ್ ಹಿಡಿದದ್ದು: ನನ್ನ ಅನುಭವ

ಮಾಡ್ಯುಲರ್ ಫಾರ್ಮ್ ಅಂದರೆ ತುಂಬಾ ಸಿಮೆಟ್ರಿ ಇರುವ ಒಂದು ಫಂಕ್ಷನ್. ಅದಕ್ಕೆ ಲೆವೆಲ್ ಎಂಬ ಪೂರ್ಣಾಂಕ, ಕ್ಯಾರೆಕ್ಟರ್ ಎಂಬ ಗುಣಾಕಾರ ಉಳಿಸುವ ಫಂಕ್ಷನ್ ಜೊತೆಗಿರುತ್ತವೆ. ಪಿ ಎಂಬ ಪ್ರೈಮ್‌ನಲ್ಲಿ ಆ ಫಾರ್ಮ್ ಹೇಗಿದೆ ಅಂತ ಹೇಳುವ ರೆಪ್ರೆಸೆಂಟೇಶನ್ ಅದರ ಲೋಕಲ್ ಕಾಂಪೊನೆಂಟ್. ಅದನ್ನು ಗುರುತಿಸುವುದು ಇಲ್ಲಿಯ ವಿಷಯ. ಲೆವೆಲ್‌ನಲ್ಲಿ ಪಿ ಇಲ್ಲದಿದ್ದರೆ ಸತಾಕೆ ಪ್ಯಾರಾಮೀಟರ್ ಎಂಬ ಸಂಖ್ಯೆಗಳೇ ಸಾಕು. ಕ್ಯಾರೆಕ್ಟರ್ ಟ್ರಿವಿಯಲ್ ಇದ್ದು ಪಿ ಒಂದೇ ಸಲ ಇದ್ದರೆ ಸ್ಟೈನ್‌ಬರ್ಗ್ ಎಂಬ ಬಗೆ. ಇಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ. ಪಿ ವರ್ಗ ಬಂತು, ಯಾವ ಟ್ವಿಸ್ಟ್ ಮಾಡಿದರೂ (ಅಂದರೆ ಕೋಎಫಿಷಿಯೆಂಟ್‌ಗಳನ್ನು ಒಂದು ಕ್ಯಾರೆಕ್ಟರ್‌ನ ಬೆಲೆಗಳಿಂದ ಗುಣಿಸಿದರೂ) ಲೆವೆಲ್ ಇಳಿಯಲಿಲ್ಲ ಅಂದರೆ ಸೂಪರ್‌ಕಸ್ಪಿಡಲ್ ಎಂಬ ಕಷ್ಟದ ಬಗೆ. ಅದು ಯಾವುದು ಅಂತ ಹೇಳುವುದೇ ನಿಜವಾದ ಕೆಲಸ. ಅಂದರೆ ಪಿ ವರ್ಗದಷ್ಟು ಅಂಶಗಳಿರುವ ಫೀಲ್ಡ್‌ನ ಮೇಲಿನ ಥೀಟಾ ಎಂಬ ಕ್ಯಾರೆಕ್ಟರ್ ಯಾವುದು ಅಂತ ಹುಡುಕಬೇಕು.

ಎಲ್ಲರೂ ಹಿಡಿಯುವ ದಾರಿ ಲೋಫ್ಲರ್–ವೈನ್‌ಸ್ಟೈನ್ ವಿಧಾನ. ಅದು ಟೈಪ್ ಸ್ಪೇಸ್ ಎಂಬ ವೆಕ್ಟರ್ ಸ್ಪೇಸ್ ಕಟ್ಟಿ ಅದರಿಂದ ಥೀಟಾ ಓದುತ್ತದೆ. ಸೇಜ್ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ಸಿದ್ಧವಾಗಿಯೇ ಇದೆ. ಪಿ ಸಣ್ಣದಿದ್ದರೆ ಅದನ್ನೇ ಬಳಸಿ, ನಾನೂ ಅದನ್ನೇ ಬಳಸುತ್ತೇನೆ. ಪಿ ದೊಡ್ಡದಾದಾಗ ಮಾತ್ರ ಟೈಪ್ ಸ್ಪೇಸ್ ಭಾರ ತಡೆಯುವುದಿಲ್ಲ. ಭಾರದ ಅಳತೆ ಎಕ್ಸ್(ಪಿ) ಎಂಬ ಮಾಡ್ಯುಲರ್ ಕರ್ವ್‌ನ ಜೀನಸ್. ಎಕ್ಸ್(7)ರ ಜೀನಸ್ 3, ಎಕ್ಸ್(13)ರದು 50, ಎಕ್ಸ್(23)ರದು 375. ಎಕ್ಸ್(101)ಕ್ಕೆ ಹೋದರೆ 40 ಸಾವಿರ ದಾಟುತ್ತದೆ. ಲೆಕ್ಕಕ್ಕೆ ಬಳಸುವ ಮಾಡ್ಯುಲರ್ ಸಿಂಬಲ್‌ಗಳ ಸ್ಪೇಸ್‌ನ ಆಯಾಮ ಅದರ ಎರಡರಷ್ಟು. ಅಷ್ಟು ದೊಡ್ಡ ಮ್ಯಾಟ್ರಿಕ್ಸ್‌ನ ಒಂದೊಂದು ಅಂಶಕ್ಕೆ 8 ಬೈಟ್ ಹಿಡಿದರೂ 50 ಜಿಬಿ ಬೇಕು. ಎಲಿಮಿನೇಶನ್ ಶುರುವಾದ ಮೇಲೆ ಭಿನ್ನರಾಶಿಗಳು ಬೆಳೆಯುವುದು ಬೇರೆ.

ನಾನು ಮೊದಲು ಸಿಕ್ಕಿಕೊಂಡದ್ದು ಪಿ = 37, ಅದರ ಜೊತೆಗೆ 11 ಸೇರಿದ ಲೆವೆಲ್‌ನಲ್ಲಿ. ಜೀನಸ್ 25 ಸಾವಿರದ ಆಸುಪಾಸು. ದೊಡ್ಡ ಮೆಮೊರಿಯ ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. ಗಂಟೆ ಲೆಕ್ಕದ ಬಾಡಿಗೆ, ಕೆಲಸ ಮುಗಿದರೂ ಮುಗಿಯದಿದ್ದರೂ ಮೀಟರ್ ಓಡುತ್ತಿರುತ್ತದೆ. ಬಿಲ್ಲು ಬಂದಾಗ ಅದು ಒಂದು ಒಳ್ಳೆಯ ಲ್ಯಾಪ್‌ಟಾಪ್‌ನ ಅರ್ಧ ಬೆಲೆ. ಉತ್ತರ ಮಾತ್ರ ಬರಲಿಲ್ಲ, ಮೆಮೊರಿ ತುಂಬಿ ಪ್ರೋಗ್ರಾಂ ನಿಂತಿತು. ಆಮೇಲೆ ಒಂದು ಪ್ರೈಮ್ ಮಾಡ್ಯುಲೋ ಲೆಕ್ಕ ಹಾಕಿ ನೋಡಿದೆ. ಪಿ ವರ್ಗ ಮೈನಸ್ 1ರಿಂದ ಭಾಗಿಸಿದರೆ 1 ಉಳಿಯುವ ಪ್ರೈಮ್ ತೆಗೆದುಕೊಂಡರೆ ಬೇಕಾದ ಯೂನಿಟಿ ಮೂಲಗಳೆಲ್ಲ ಒಳಗೇ ಸಿಗುತ್ತವೆ. ಅಂಕಿಗಳು ಬೆಳೆಯುವುದು ನಿಂತಿತು, ಆದರೆ ಮ್ಯಾಟ್ರಿಕ್ಸ್ ಇದ್ದಷ್ಟೇ ದೊಡ್ಡದು. ಅದಕ್ಕೂ ಬಾಡಿಗೆ ಕಟ್ಟಿದೆ.

ಆಗ ಹೊಳೆದದ್ದು ಹಳೆಯ ವಿಷಯವೇ. ಜಿಎಲ್-2ರಲ್ಲಿ, ಅಂದರೆ ನಮ್ಮ ರೆಪ್ರೆಸೆಂಟೇಶನ್‌ಗಳಿರುವ 2×2 ಮ್ಯಾಟ್ರಿಕ್ಸ್‌ಗಳ ಗ್ರೂಪ್‌ನಲ್ಲಿ, ಎಲ್ಲ ಟ್ವಿಸ್ಟ್‌ಗಳ ಎಪ್ಸಿಲಾನ್ (ಫಂಕ್ಷನಲ್ ಈಕ್ವೇಶನ್‌ನಲ್ಲಿ ಪಿಯ ಪಾಲು) ಗೊತ್ತಿದ್ದರೆ ಸೂಪರ್‌ಕಸ್ಪಿಡಲ್ ಗೊತ್ತಾದಂತೆ. ಥಿಯರಿಯಲ್ಲಿ ಎಲ್ಲರೂ ಒಪ್ಪುವ ಮಾತು. ಹಾಗಿದ್ದ ಮೇಲೆ ಟೈಪ್ ಸ್ಪೇಸ್ ಯಾಕೆ ಬೇಕು? ಟ್ವಿಸ್ಟ್‌ನ ರೂಟ್ ನಂಬರ್ ಅನ್ನು, ಅಂದರೆ ಎಲ್ಲ ಕಡೆಯ ಪಾಲುಗಳ ಗುಣಲಬ್ಧವನ್ನು, ದಶಮಾಂಶದಲ್ಲಿ ಲೆಕ್ಕ ಹಾಕಿ, ಪಿ ಬಿಟ್ಟು ಉಳಿದ ಕಡೆಯ ಪಾಲು ತೆಗೆದುಹಾಕಿದರೆ ಆಯಿತು. ಇದನ್ನು ಹೇಳಿದಾಗ ಒಬ್ಬರೂ ನಂಬಲಿಲ್ಲ. ‘ದಶಮಾಂಶ ನೋಡಿ ರೆಪ್ರೆಸೆಂಟೇಶನ್ ಹೇಳೋದಾ? ಅದು ಪ್ರೂಫ್ ಹೇಗಾಗುತ್ತದೆ?’ ಎಂದರು. ಪ್ರೂಫ್ ಆಗುತ್ತದೆ, ಯಾಕೆಂದರೆ ಉತ್ತರಗಳ ಪಟ್ಟಿ ಸಣ್ಣದು. ಕ್ಯಾರೆಕ್ಟರ್ ಟ್ರಿವಿಯಲ್ ಇದ್ದರೆ ಥೀಟಾದ ಆರ್ಡರ್ ಪಿ + 1 ಅನ್ನು ಭಾಗಿಸಲೇಬೇಕು. ಥೀಟಾ ಮತ್ತು ಅದರ ಇನ್ವರ್ಸ್ ಒಂದೇ ಲೆಕ್ಕ. ಹಾಗಾಗಿ ಉಳಿಯುವುದು (ಪಿ − 1)/2 ಉಮೇದುವಾರರು. ಪಿ = 101 ಆದರೂ ಬರೀ 50. ಸರಣಿಯಲ್ಲಿ ಕೈಬಿಟ್ಟ ಬಾಲದ ದೋಷಕ್ಕೆ ಡೆಲೀನ್ ಬೌಂಡ್ (ಕೋಎಫಿಷಿಯೆಂಟ್‌ಗಳ ಗಾತ್ರದ ಮಿತಿ) ಇದೆ, ಆರ್ಬ್ ಎಂಬ ಲೈಬ್ರರಿಯಲ್ಲಿ ದೋಷದ ಮಿತಿ ಸಹಿತ ಇಂಟರ್ವಲ್ ಲೆಕ್ಕ ಮಾಡಿದರೆ 49 ಉಮೇದುವಾರರು ಖಚಿತವಾಗಿ ಹೊರಗೆ ಬೀಳುತ್ತಾರೆ. ಉಳಿದವನೇ ಉತ್ತರ.

ಈ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು: ಟ್ವಿಸ್ಟ್‌ಗೆ ಬಳಸುವ ಕೈ (χ) ಎಂಬ ಕ್ಯಾರೆಕ್ಟರ್ ಮಾಡ್ಯುಲೋ ಪಿ ಆಗಿದ್ದರೆ, ಟ್ವಿಸ್ಟ್ ಮಾಡಿದರೂ ಲೆವೆಲ್ ಏರುವುದಿಲ್ಲ. ಪಿ ವರ್ಗ ಪಿ ವರ್ಗವಾಗಿಯೇ ಇರುತ್ತದೆ. ಆದ್ದರಿಂದ ಬೇಕಾಗುವ ಕೋಎಫಿಷಿಯೆಂಟ್‌ಗಳು ಲೆವೆಲ್‌ನ ವರ್ಗಮೂಲದ ಕೆಲವು ಪಟ್ಟು, ಅಷ್ಟೇ. ಲೆವೆಲ್ 10201ಕ್ಕೆ 20 ಅಂಕಿ ನಿಖರತೆ ಬೇಕೆಂದರೆ ಸುಮಾರು 750 ಕೋಎಫಿಷಿಯೆಂಟ್ ಸಾಕು. ಅವನ್ನು ತರಲು ಅದೇ ಲೆವೆಲ್‌ನ ಗಾಮಾ-ಸೊನ್ನೆ ಎಂಬ ಗ್ರೂಪ್ ಮೇಲಿನ ಫಾರ್ಮ್‌ಗಳ ಸ್ಪೇಸ್ ಬೇಕು, ಅದರ ಆಯಾಮ 800ರ ಹತ್ತಿರ. 40 ಸಾವಿರ ಎಲ್ಲಿ, 800 ಎಲ್ಲಿ! ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಪಾರಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮುಗಿಸಿದೆ. ಖರ್ಚು ಸೊನ್ನೆ. ಮ್ಯಾಗ್ಮಾ ಲೈಸೆನ್ಸ್‌ಗೂ ದುಡ್ಡು ಕೊಡಬೇಕಾಗಲಿಲ್ಲ.

ಕೋಡ್ ಸರಿಯಿದೆಯೇ ಅಂತ ನೋಡಲು, ಲೆವೆಲ್ 50ರ ಫಾರ್ಮ್‌ಗಳನ್ನು ಕೊಡುವ 50ಎ, 50ಬಿ ಎಂಬ ಎರಡು ಎಲಿಪ್ಟಿಕ್ ಕರ್ವ್‌ಗಳನ್ನು ಇಟ್ಟುಕೊಳ್ಳಿ. 50ಎ ಡಿಸ್ಕ್ರಿಮಿನೆಂಟ್ −1250, ಅಂದರೆ 5ರ ಘಾತ 4. ಥೀಟಾ ಆರ್ಡರ್ 3 ಆಗಲೇಬೇಕು. 50ಬಿ ಅದರ ಟ್ವಿಸ್ಟ್, ಘಾತ 10, ಆರ್ಡರ್ 6. ಪಿ = 5ಕ್ಕೆ ಇರುವುದೇ ಎರಡು ಉಮೇದುವಾರರು, ಎರಡಕ್ಕೂ ಒಂದೊಂದು ಕರ್ವ್. 50ಎ ರೂಟ್ ನಂಬರ್ 5ರಲ್ಲಿ −1, 2ರಲ್ಲಿ +1, ಇನ್ಫಿನಿಟಿಯಲ್ಲಿ −1. ಗುಣಿಸಿದರೆ +1, ರ‍್ಯಾಂಕ್ 0ಗೆ ಸರಿಹೊಂದುತ್ತದೆ. ಟೈಪ್ ಸ್ಪೇಸ್ ಕಡೆಯಿಂದಲೂ ನೋಡಿದೆ. 4 ಆಯಾಮದ ಕಸ್ಪಿಡಲ್ ರೆಪ್ರೆಸೆಂಟೇಶನ್‌ನಲ್ಲಿ, 25 ಅಂಶಗಳ ಫೀಲ್ಡ್‌ನ ಜನರೇಟರ್ ಮೇಲೆ ಟ್ರೇಸ್ 50ಎಗೆ +1, 50ಬಿಗೆ −1. ನಿಮ್ಮ ಕೋಡ್ ಇಲ್ಲಿ ತಪ್ಪಿದರೆ ಮುಂದೆ ಹೋಗಬೇಡಿ.

ಪಿ = 23ರಲ್ಲಿ ಕುತೂಹಲದ ವಿಷಯ ಸಿಕ್ಕಿತು. ಉಮೇದುವಾರರು 11. ಅಟ್ಕಿನ್–ಲೇನರ್ ಚಿಹ್ನೆ (ಟ್ವಿಸ್ಟ್ ಮಾಡದೆಯೇ ಪಿಯಲ್ಲಿ ಸಿಗುವ ಪ್ಲಸ್ ಅಥವಾ ಮೈನಸ್) ಇವರನ್ನು 6 ಮತ್ತು 5 ಅಂತ ಒಡೆಯುತ್ತದೆ: ಆರ್ಡರ್ 8 ಮತ್ತು 24 ಒಂದು ಕಡೆ, 3, 4, 6, 12 ಇನ್ನೊಂದು ಕಡೆ. ಇನ್ನು ಕ್ವಾಡ್ರಾಟಿಕ್ ಟ್ವಿಸ್ಟ್ ಮಾಡಿದರೆ ಮತ್ತೆ ಒಡೆಯಬಹುದು ಅಂತ ಅನ್ನಿಸುತ್ತದೆ ಅಲ್ವಾ? ಒಡೆಯುವುದಿಲ್ಲ. ಥೀಟಾವನ್ನು ಮೂಲ ಕ್ಯಾರೆಕ್ಟರ್‌ನ ಘಾತವಾಗಿ ಬರೆದರೆ, ಚಿಹ್ನೆ ನೋಡುವುದು ಘಾತ ಸಮವೋ ಬೆಸವೋ ಎಂಬುದನ್ನು ಮಾತ್ರ. ಕ್ವಾಡ್ರಾಟಿಕ್ ಟ್ವಿಸ್ಟ್ ಆ ಘಾತಕ್ಕೆ (ಪಿ + 1)/2 ಕೂಡಿಸುತ್ತದೆ. ಹಾಗಾಗಿ ಎಲ್ಲರ ಚಿಹ್ನೆಯೂ ಒಟ್ಟಿಗೆ ಬದಲಾಗುತ್ತದೆ, ಇಲ್ಲವೇ ಯಾರದೂ ಬದಲಾಗುವುದಿಲ್ಲ. ಪ್ಲಸ್-ಮೈನಸ್ ಚಿಹ್ನೆಗಳ ಮೇಲೆ ಸುಮ್ನೆ ಸಮಯ ಕಳೆಯಬೇಡಿ. ಕಾಂಪ್ಲೆಕ್ಸ್ ಕೈ ತೆಗೆದುಕೊಳ್ಳಿ, ಕೋನ ಅಳೆಯಿರಿ, ಒಬ್ಬೊಬ್ಬ ಉಮೇದುವಾರನಿಗೂ ಬರಬೇಕಾದ ಎಪ್ಸಿಲಾನ್ ಕೊಡುವ ಗೌಸ್ ಸಮ್ ಪಟ್ಟಿಯ ಜೊತೆ ಹೋಲಿಸಿ. ಯಾವ ಕೈಗಳನ್ನು ಆರಿಸಿದರೆ ಎರಡು-ಮೂರರಲ್ಲೇ ಎಲ್ಲರೂ ಬೇರೆಯಾಗುತ್ತಾರೆ ಎಂಬುದು ನನ್ನ ಹತ್ತಿರ ಇದೆ, ಸದ್ಯಕ್ಕೆ ಹೇಳುವುದಿಲ್ಲ. ಹೆಕೆ ಫೀಲ್ಡ್, ಅಂದರೆ ಫಾರ್ಮ್‌ನ ಕೋಎಫಿಷಿಯೆಂಟ್‌ಗಳಿಂದ ಹುಟ್ಟುವ ಫೀಲ್ಡ್, ಕೂಡ ಸಾಕ್ಷಿ ಹೇಳುತ್ತದೆ. ಆರ್ಡರ್ 8 ಬಂದರೆ ಅದರಲ್ಲಿ 2ರ ವರ್ಗಮೂಲ ಇರಲೇಬೇಕು, 12 ಬಂದರೆ 3ರದು, 24 ಬಂದರೆ ಎರಡೂ.

ಎಲ್ಲರೂ ಎಡವುವ ಜಾಗ ಫಾರ್ಮ್ ಅನ್ನು ಲೆಕ್ಕ ಹಾಕುವ ಬಿಂದು. ನಟ್ಟನಡುವಿನ ಬಿಂದುವಿನಲ್ಲಿ, ಅಂದರೆ 1 ಭಾಗ ಲೆವೆಲ್‌ನ ವರ್ಗಮೂಲದಲ್ಲಿ, ಲೆಕ್ಕ ಹಾಕಿದರೆ ರೂಟ್ ನಂಬರ್ ಎಂದು ಸಿಗುವ ಅನುಪಾತದ ಗಾತ್ರ ಯಾವಾಗಲೂ 1. ಟ್ವಿಸ್ಟ್‌ನ ಲೆವೆಲ್ ನಿಜವಾಗಿ ಇಳಿದಿದ್ದರೂ 1 ಅಂತಲೇ ತೋರಿಸುತ್ತದೆ. ಮೇಲಾಗಿ ಅಲ್ಲಿ ಬೆಲೆಯೇ ಸೊನ್ನೆಯಾಗುವ ಸಂದರ್ಭವೂ ಇದೆ. ಶೇಕಡಾ 10ರಷ್ಟು ಪಕ್ಕಕ್ಕೆ ಸರಿದು ಇನ್ನೊಂದು ಬಿಂದುವಿನಲ್ಲೂ ನೋಡಿ. ಗಾತ್ರ 1 ಬಿಟ್ಟು ಜಾರಿದರೆ ಫಾರ್ಮ್ ಮಿನಿಮಲ್ ಅಲ್ಲ, ಅಂದರೆ ಟ್ವಿಸ್ಟ್ ಮಾಡಿದರೆ ಅದರ ಲೆವೆಲ್ ಇಳಿಯುತ್ತದೆ. ಮಿನಿಮಲ್ ಹೌದೋ ಅಲ್ಲವೋ ಅಂತ ಬೇರೆ ಪ್ರೋಗ್ರಾಂ ಬರೆಯುವ ಅಗತ್ಯವೇ ಇಲ್ಲ, ಇದೇ ಹೇಳಿಬಿಡುತ್ತದೆ.

ಇನ್ನೆರಡು ಕನ್ವೆನ್ಷನ್ ವಿಷಯ. ಕೈ ಮತ್ತು ಅದರ ಕಾಂಜುಗೇಟ್ ಅದಲುಬದಲಾದರೆ ಉತ್ತರ ಪೂರ್ತಿ ಕಾಂಜುಗೇಟ್ ಆಗಿ ಬರುತ್ತದೆ, ಹಾಗಾಗಿ ಪಟ್ಟಿಯನ್ನು ಎರಡೂ ರೀತಿ ಹೋಲಿಸಿ. ಎರಡನೆಯದು, ಗಾಲ್ವಾ ಕಡೆಯಿಂದ ಬಂದರೆ ಥೀಟಾ ಪಿ ಮೇಲೆ −1, ಟೈಪ್ ಕಡೆಯಿಂದ ಬಂದರೆ +1. ಎರಡೂ ಸರಿ, ಬೆರೆಸಿದರೆ ಮಾತ್ರ ಎಲ್ಲ ಚಿಹ್ನೆಗಳೂ ತಿರುಗುತ್ತವೆ.

ಅದೇ ಹುಮ್ಮಸ್ಸಿನಲ್ಲಿ ಪಿ ಘನದ ಲೆವೆಲ್‌ನಲ್ಲೂ ಪ್ರಯೋಗ ಮಾಡಿದೆ. ಅಲ್ಲಿ ಸಿಂಪಲ್ ಸೂಪರ್‌ಕಸ್ಪಿಡಲ್‌ಗಳು, ಟ್ರಿವಿಯಲ್ ಸೆಂಟ್ರಲ್ ಕ್ಯಾರೆಕ್ಟರ್‌ಗೆ 2(ಪಿ − 1) ಉಮೇದುವಾರರು. ಸಂಖ್ಯೆ ಜಾಸ್ತಿ, ಕೆಲಸ ಮಾತ್ರ ಇನ್ನೂ ಸುಲಭ. ಟ್ವಿಸ್ಟ್ ಮಾಡಿದಾಗ ರೂಟ್ ನಂಬರ್ ಒಂದು ಕ್ಯಾರೆಕ್ಟರ್ ಬೆಲೆಯಿಂದ ಗುಣಿಸಲ್ಪಡುತ್ತದೆ, ಅಷ್ಟೇ. ಆರ್ಡರ್ ಪಿ − 1 ಇರುವ ಒಂದೇ ಕೈ ತೆಗೆದುಕೊಂಡು ಕೋನ ಅಳೆದರೆ ಪ್ಯಾರಾಮೀಟರ್ ನೇರವಾಗಿ ಸಿಗುತ್ತದೆ. ಉಳಿದದ್ದು ಒಂದು ಪ್ಲಸ್-ಮೈನಸ್, ಅದನ್ನು ಅಟ್ಕಿನ್–ಲೇನರ್ ಚಿಹ್ನೆ ಕೊಡುತ್ತದೆ. ಗೌಸ್ ಸಮ್ ಪಟ್ಟಿಯೂ ಬೇಡ.

ಪಿ = 2 ಮಾತ್ರ ನಾನು ಮುಟ್ಟಿಲ್ಲ. ಕ್ವಾಡ್ರಾಟಿಕ್ ಎಕ್ಸ್‌ಟೆನ್ಷನ್‌ನಿಂದ ಬಾರದ ಸೂಪರ್‌ಕಸ್ಪಿಡಲ್‌ಗಳು ಅಲ್ಲಿವೆ. ಎಲಿಪ್ಟಿಕ್ ಕರ್ವ್‌ನ ಕಂಡಕ್ಟರ್‌ನಲ್ಲಿ (ಅದರ ಫಾರ್ಮ್‌ನ ಲೆವೆಲ್) 2ರ ಘಾತ 3, 4, 6, 7 ಇದ್ದಾಗ ಅವು ಎದುರಾಗಬಹುದು. ಅವಕ್ಕೆ ಉಮೇದುವಾರರ ಪಟ್ಟಿಯನ್ನೇ ಹೊಸದಾಗಿ ಕಟ್ಟಬೇಕು, ಈಗ ಅದನ್ನೇ ಕಟ್ಟುತ್ತಿದ್ದೇನೆ.