ಡಿಸ್‌ಪ್ಲೇ ಹೋಗಿದೆ ಅಂದರೆ ಏನು ಹೋಗಿದೆ?

ನನ್ನ ಮೇಜಿಗೆ ರಿಪೇರಿಗೆ ಬರುವ, ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮ್‌ಗಳ ಜೊತೆ ಯಾವಾಗಲೂ ಒಂದೇ ಮಾತು ಬರುತ್ತದೆ. "ಡಿಸ್‌ಪ್ಲೇ ಹೋಗಿದೆ, ಹೊಸದು ಹಾಕಿಬಿಡು ಮಾರಾಯ." ಮೊದಮೊದಲು ನಾನೂ ಅದನ್ನು ನಂಬಿ ಸ್ಕ್ರೀನ್ ತರಿಸಿಬಿಡುತ್ತಿದ್ದೆ. ಎರಡು ಸಲ ದುಡ್ಡು ದಂಡವಾದ ಮೇಲೆ ಬುದ್ಧಿ ಬಂತು. ಈಗ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಹತ್ತು ನಿಮಿಷ ಬರೀ ನೋಡುತ್ತೇನೆ. ಇನ್ನೂ ಏನೇನು ಕಾಣುತ್ತಿದೆ, ಸದ್ದು ಬರುತ್ತಿದೆಯಾ, ಓರೆ ಮಾಡಿದರೆ ಬದಲಾಗುತ್ತದಾ, ಇಷ್ಟೇ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇದು ನನ್ನ ಕಸುಬಲ್ಲ. ವಾರವೆಲ್ಲ ಆಫೀಸು, ರಜೆ ದಿನ ಸೋಲ್ಡರಿಂಗ್ ಐರನ್. ಶುರುವಾಗಿದ್ದು ನನ್ನದೇ ಗೇಮ್ ಬಾಯ್‌ನಿಂದ, ನಿಂಟೆಂಡೊ ಕಂಪನಿಯದು. ನಮ್ಮ ಉಡುಪಿ ಕಡೆ ಆಗ ಇಂಥದ್ದನ್ನು ಯಾರೂ ಅಂಗಡಿಯಲ್ಲಿ ಕೊಂಡಿದ್ದು ನಾನು ಕಂಡಿಲ್ಲ. ಗಲ್ಫ್‌ನಿಂದ ಮಾವ ಬಂದಾಗ ಸೆಂಟು, ಸೋಪು, ಟಾರ್ಚಿನ ಜೊತೆ ಪೆಟ್ಟಿಗೆಯಿಂದ ಇಳಿಯುತ್ತಿದ್ದ ಸಾಮಾನು ಅದು. 1989ರ ಮಾಡೆಲ್, ಬೂದು ಬಣ್ಣ, ನಾಲ್ಕು ಪೆನ್ಸಿಲ್ ಸೆಲ್, ಹಸಿರು ಹಳದಿ ಸ್ಕ್ರೀನು. ಎಷ್ಟೋ ವರ್ಷ ಅಟ್ಟದ ಮೇಲಿದ್ದು ಕೆಳಗಿಳಿದಾಗ ದೀಪ ಉರಿಯಿತು, ಸದ್ದು ಬಂತು, ಆದರೆ ಚಿತ್ರದ ಮಧ್ಯೆ ಮಧ್ಯೆ ಮೇಲಿಂದ ಕೆಳಕ್ಕೆ ಗೆರೆಗಳೇ ಇಲ್ಲ. ಬಾಚಣಿಗೆಯ ಹಲ್ಲು ಉದುರಿದ ಹಾಗೆ.

ಈ ಸ್ಕ್ರೀನಿನಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಉದ್ದ ಸಾಲುಗಳಿಗೆ ಸಿಗ್ನಲ್ ಬರುವುದು ಗಾಜಿನ ಕೆಳ ಅಂಚಿನ ರಿಬ್ಬನ್‌ನಿಂದ (ಪಟ್ಟಿಯ ಹಾಗಿರುವ ತೆಳು ಕೇಬಲ್), ಅಡ್ಡ ಸಾಲುಗಳಿಗೆ ಪಕ್ಕದ ರಿಬ್ಬನ್‌ನಿಂದ. ವಯಸ್ಸಾದ ಹಾಗೆ ಅಲ್ಲಲ್ಲಿ ಹಿಡಿತ ಸಡಿಲವಾಗುತ್ತದೆ, ಆ ಸಾಲು ಮಾತ್ರ ಸಾಯುತ್ತದೆ. ಗಾಜು ಚೆನ್ನಾಗಿಯೇ ಇರುತ್ತದೆ. ಹಿಂದಿನ ಆರು ಸ್ಕ್ರೂ ಬಿಚ್ಚಿ, ಎರಡು ಹೋಳಿನ ನಡುವಿನ ಕೇಬಲ್ ಕಳಚಿ, ಮುಂದಿನ ಬೋರ್ಡ್ ಹೊರಗೆ ತೆಗೆದರೆ ಸ್ಕ್ರೀನಿನ ಕೆಳಗೆ ಒಂದು ರಬ್ಬರ್ ಪಟ್ಟಿ ಕಾಣುತ್ತದೆ. ಅದನ್ನು ಮೆಲ್ಲಗೆ ಎತ್ತಿ ಕೆಳಗಿನ ರಿಬ್ಬನ್ ಮೇಲೆ ಐರನ್ನಿನ ತುದಿಯನ್ನು ಇಸ್ತ್ರಿ ಹಾಕಿದ ಹಾಗೆ ಜಾರಿಸಬೇಕು. ಕೇಬಲ್ ಮತ್ತೆ ಸಿಕ್ಕಿಸಿ, ಆನ್ ಮಾಡಿಟ್ಟುಕೊಂಡೇ ಮಾಡುತ್ತೇನೆ, ಯಾಕಂದ್ರೆ ಐರನ್ ಹೋದ ಕಡೆ ಗೆರೆಗಳು ಒಂದೊಂದಾಗಿ ವಾಪಸ್ ಬರುವುದು ಕಣ್ಣೆದುರೇ ಕಾಣುತ್ತದೆ. ಆ ಖುಷಿ ಬೇರೆ!

ಆದರೆ ನನ್ನ ಮೊದಲ ಪ್ರಯತ್ನ ಹಾಗಾಗಲಿಲ್ಲ. ಐರನ್ 350 ಡಿಗ್ರಿಯಲ್ಲಿತ್ತು, ಸೋಲ್ಡರ್ ಮಾಡುವಾಗ ಇಡುವುದೇ ಅಷ್ಟು ಅಲ್ವಾ, ಹಾಗೇ ಇಟ್ಟು ಒತ್ತಿದೆ, ಒಂದು ಕಡೆ ನಿಲ್ಲಿಸಿಯೂ ಬಿಟ್ಟೆ. ರಿಬ್ಬನ್ ಸುಟ್ಟು ಮುದುಡಿತು. ಮೊದಲು ಏಳು ಗೆರೆ ಇರಲಿಲ್ಲ, ಆಮೇಲೆ ಹತ್ತೊಂಬತ್ತು. ಮಾವ ತಂದ ಗೇಮ್ ಬಾಯ್‌ನ ಸ್ಕ್ರೀನನ್ನು ನಾನೇ ಕೊಂದ ಹಾಗಾಯಿತು. ಈಗ 250ರ ಆಸುಪಾಸು ಇಡುತ್ತೇನೆ, ತುದಿ ಚಪ್ಪಟೆಯದು ಹಾಕುತ್ತೇನೆ, ಒತ್ತುವುದಿಲ್ಲ, ನಿಲ್ಲಿಸುವುದಿಲ್ಲ. ಒಂದೇ ಸಲಕ್ಕೆ ಬರದಿದ್ದರೆ ತಣಿಯಲು ಬಿಟ್ಟು ಮತ್ತೊಮ್ಮೆ. ಅಡ್ಡ ಗೆರೆ ಹೋಗಿದ್ದರೆ ಕಷ್ಟ ಜಾಸ್ತಿ. ಪಕ್ಕದ ರಿಬ್ಬನ್ನಿಗೆ ಇದೇ ಉಪಾಯ ಮಾಡಿ ನಾನು ಗೆದ್ದಿದ್ದು ಕಮ್ಮಿ, ಹಾಗಾಗಿ ಅಂಥದ್ದನ್ನು ಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಎಷ್ಟು ಗೆರೆ ಹೋಗಿದೆ ಅಂತ ಎಣಿಸಲು ಕಾರ್ಟ್ರಿಜ್ (ಆಟ ಇರುವ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ) ಬೇಡ. ಆನ್ ಮಾಡಿ ಪಕ್ಕದ ಕಾಂಟ್ರಾಸ್ಟ್ ಚಕ್ರವನ್ನು ಪೂರ್ತಿ ತಿರುಗಿಸಿ. ಸ್ಕ್ರೀನೆಲ್ಲ ಕಪ್ಪಾಗುತ್ತದೆ, ಸತ್ತ ಗೆರೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹಳೇದು ಕೊಳ್ಳಲು ಹೋದಾಗ ಮಾರುವವರು ಕಾಂಟ್ರಾಸ್ಟ್ ಇಳಿಸಿಯೇ ತೋರಿಸಿದರೆ ನೀವೇ ಏರಿಸಿ ನೋಡಿ.

ಇನ್ನು ಡಿಸ್‌ಪ್ಲೇಗೆ ಸಂಬಂಧವೇ ಇಲ್ಲದ ಡಿಸ್‌ಪ್ಲೇ ದೂರು. ಆನ್ ಆದಾಗ ಮೇಲಿಂದ ಇಳಿಯುತ್ತದಲ್ಲ ನಿಂಟೆಂಡೊ ಹೆಸರು, ಅದನ್ನು ಯಂತ್ರ ಓದುವುದು ಕಾರ್ಟ್ರಿಜ್‌ನಿಂದ. ತನ್ನೊಳಗಿರುವ ಪ್ರತಿಯ ಜೊತೆ ಹೋಲಿಸಿ ನೋಡುತ್ತದೆ, ಸರಿ ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಹೆಸರು ಚೆಲ್ಲಾಪಿಲ್ಲಿಯಾಗಿ ಬಂದರೆ ಜನ ಸ್ಕ್ರೀನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕಾರ್ಟ್ರಿಜ್ ತೆಗೆದು ಆನ್ ಮಾಡಿ. ಹೆಸರಿನ ಜಾಗದಲ್ಲಿ ಒಂದು ಕಪ್ಪು ಪಟ್ಟಿ ನೀಟಾಗಿ ಇಳಿದರೆ ಸ್ಕ್ರೀನ್ ಗಟ್ಟಿಮುಟ್ಟಾಗಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಕಾರ್ಟ್ರಿಜ್‌ನ ಪಿನ್ ಒರೆಸಿದರೆ ಸಾಕು. ಬಾಯಿಂದ ಉಫ್ ಅಂತ ಊದುವುದು ನಮ್ಮೆಲ್ಲರ ಅಭ್ಯಾಸ, ಆದರೆ ಎಂಜಲಿನ ತೇವಕ್ಕೆ ಪಿನ್‌ಗಳು ಕಿಲುಬು ಹಿಡಿಯುತ್ತವೆ.

ಕಲೆಗಳದ್ದು ಇನ್ನೊಂದು ಕತೆ. ಸ್ನೇಹಿತನೊಬ್ಬ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟ ಗೇಮ್ ಬಾಯ್ ತಂದಿದ್ದ. ನಡುವೆ ದೋಸೆ ಸೀದ ಹಾಗೆ ಕಂದು ಮಚ್ಚೆ. ಅದು ಗಾಜಿನ ಮೇಲೆ ಅಂಟಿಸಿರುವ, ಬೆಳಕನ್ನು ಒಂದೇ ದಿಕ್ಕಿನಲ್ಲಿ ಸೋಸುವ ಪೋಲರೈಸರ್ ಹಾಳೆ ಸುಟ್ಟಿದ್ದು. ಹಾಳೆಯನ್ನು ಒಂದು ಮೂಲೆಯಿಂದ ಎತ್ತಿ ಸುಲಿದು, ಉಳಿದ ಅಂಟನ್ನು ಪ್ಲಾಸ್ಟಿಕ್ ಬ್ಲೇಡು, ಆಲ್ಕೋಹಾಲ್ ಹಿಡಿದು ಸುಮಾರು ಒಂದೂವರೆ ಗಂಟೆ ಉಜ್ಜಿದೆ. ಹೊಸ ಹಾಳೆ ಅಂಟಿಸುವ ಮೊದಲು ಆನ್ ಮಾಡಿದ ಸ್ಕ್ರೀನ್ ಮೇಲೆ ಹಿಡಿದು ತಿರುಗಿಸಿ ನೋಡಬೇಕು, ಒಂದು ಕೋನದಲ್ಲಿ ಚಿತ್ರ ಸರಿ ಕಾಣುತ್ತದೆ, 90 ಡಿಗ್ರಿ ತಿರುಗಿಸಿದರೆ ಕಪ್ಪು ಬಿಳುಪು ಅದಲು ಬದಲು. ಇದನ್ನು ನೋಡದೆ ಅಂಟಿಸಿದರೆ ಮತ್ತೆ ಸುಲಿಯಬೇಕು. ಆದರೆ ಮಚ್ಚೆ ಇಂಕು ಚೆಲ್ಲಿದ ಹಾಗೆ ಕಡುಗಪ್ಪಾಗಿದ್ದು, ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡರೆ ಗಾಜೇ ಒಡೆದಿದೆ ಅಂತ ಅರ್ಥ. ಅದಕ್ಕೆ ನಿಜವಾಗಿಯೂ ಹೊಸ ಸ್ಕ್ರೀನೇ ಬೇಕು.

ಸೆಗಾ ಕಂಪನಿಯ ಗೇಮ್ ಗಿಯರ್ ನನ್ನ ಕೈಗೆ ಬಂದಿದ್ದು ಒಂದೇ. ಅದರ ದೂರು "ಚಿತ್ರ ಮಂಕು, ಸದ್ದೂ ಇಲ್ಲ." ಓರೆ ಮಾಡಿ ಹಿಡಿದರೆ ಮಾತ್ರ ಏನೋ ನೆರಳು. ಸ್ಕ್ರೀನ್ ಮತ್ತು ಸದ್ದು ಎರಡೂ ಒಟ್ಟಿಗೆ ಕೈಕೊಟ್ಟರೆ ನಾನು ಮೊದಲು ಅನುಮಾನಪಡುವುದು ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್‌ಗಳನ್ನು. ತೊಂಬತ್ತರ ದಶಕದ ಶುರುವಿನ ಎಷ್ಟೋ ಯಂತ್ರಗಳಲ್ಲಿ ಬೋರ್ಡ್ ಮೇಲೆ ಕೂರುವ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಸೋರುತ್ತವೆ. ಸೋರಿದ ರಸ ತಾಮ್ರವನ್ನು ತಿನ್ನುತ್ತದೆ. ಐರನ್ ಮುಟ್ಟಿಸಿದ ಕೂಡಲೇ ಹಳಸಿದ ಮೀನಿನ ವಾಸನೆ ಎದ್ದಿತು. ಮಲ್ಪೆ ಗಾಳಿ ಕುಡಿದು ಬೆಳೆದವನಿಗೂ ಕಿಟಕಿ ತೆಗೆಯಬೇಕಾಯಿತು! ಎಲ್ಲ ಕೆಪಾಸಿಟರ್ ಬದಲಿಸಿ, ಜಾಗ ತೊಳೆದು, ಒಣಗಿಸಿ ಹಾಕಿದರೆ ಅದೇ ಹಳೇ ಸ್ಕ್ರೀನು ಬಣ್ಣ ಬಣ್ಣವಾಗಿ ಬಂತು. ಒಂದು ಎಚ್ಚರಿಕೆ: ಅದರ ಬೆಳಕು ಪುಟ್ಟ ಟ್ಯೂಬ್‌ಲೈಟ್, ಅದಕ್ಕೆ ಹೋಗುವ ವೋಲ್ಟೇಜ್ ದೊಡ್ಡದು. ಆನ್ ಇದ್ದಾಗ ಬೆರಳು ತಗುಲಿಸಿ ಕುರ್ಚಿಯಿಂದ ಎದ್ದು ನಿಂತಿದ್ದೇನೆ.

ಸೋನಿಯ ಪಿಎಸ್‌ಪಿ ಮಾತ್ರ ಈಗಲೂ ಬರುತ್ತಲೇ ಇರುತ್ತದೆ. ಅದಕ್ಕೆ ನನ್ನ ಮೊದಲ ಉಪಕರಣ ಮೊಬೈಲ್ ಟಾರ್ಚ್. ಸದ್ದು ಬರುತ್ತಿದೆ, ಸ್ಕ್ರೀನ್ ಕಪ್ಪು ಅಂದರೆ ಕತ್ತಲೆ ಕೋಣೆಗೆ ಹೋಗಿ ಓರೆಯಾಗಿ ಟಾರ್ಚ್ ಬಿಡುತ್ತೇನೆ. ಮಸುಕಾಗಿ ಮೆನು ಕಂಡರೆ ಚಿತ್ರ ಬರುತ್ತಿದೆ, ಅದನ್ನು ಹಿಂದಿನಿಂದ ಬೆಳಗುವ ಬ್ಯಾಕ್‌ಲೈಟ್ ಇಲ್ಲ ಅಷ್ಟೇ. ಉಲ್ಟಾ, ಸ್ಕ್ರೀನೆಲ್ಲ ಬೆಳ್ಳಗೆ ಉರಿಯುತ್ತಿದ್ದರೆ ಬ್ಯಾಕ್‌ಲೈಟ್ ಸರಿಯಿದೆ, ಚಿತ್ರದ ರಿಬ್ಬನ್ ಕಚ್ಚಿಕೊಂಡಿಲ್ಲ. ಎರಡಕ್ಕೂ ಬೇರೆ ಬೇರೆ ರಿಬ್ಬನ್. ತೆಗೆದು ಒರೆಸಿ ನೇರವಾಗಿ ಕೂರಿಸಿದರೆ ಎಷ್ಟೋ ಸಲ ಮುಗಿಯಿತು. ಕನೆಕ್ಟರ್‌ನ ಪುಟಾಣಿ ಮುಚ್ಚಳವನ್ನು ಉಗುರಿನಿಂದ ಎತ್ತಬೇಕು, ಎಳೆಯಬಾರದು. ನಾನು ಎಳೆದಿದ್ದೆ, ಪಟಕ್ ಅಂತ ಹಾರಿ ಮಂಚದ ಕೆಳಗೆ ಹೋಯಿತು. ರಿಬ್ಬನ್ ಹಿಂಬದಿಗೆ ಎರಡು ಪದರ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ತೆಳು ಟೇಪ್) ಹಚ್ಚಿ ಬಿಗಿಯಾಗಿ ತುರುಕಿ ನಡೆಸಿದೆ. ಅದು ಈಗಲೂ ಓಡುತ್ತಿದೆ.

ಬ್ಯಾಟರಿ ತೆಗೆಯದೆ ಈ ರಿಬ್ಬನ್‌ಗಳನ್ನು ಮುಟ್ಟಲೇಬೇಡಿ. ಬೋರ್ಡಿನಲ್ಲಿ ಬ್ಯಾಕ್‌ಲೈಟಿನ ದಾರಿಯಲ್ಲಿ ಸಾಸಿವೆ ಕಾಳಿನಷ್ಟು ಫ್ಯೂಸ್ ಇದೆ, ಒಂದು ಕಿಡಿಗೆ ಹೋಗುತ್ತದೆ. ಆಮೇಲೆ ಹೊಸ ಸ್ಕ್ರೀನ್ ಹಾಕಿದರೂ ಕಪ್ಪೇ. ನನ್ನ ಮೊದಲ ದಂಡ ಇದೇ. ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು (ದಾರಿ ತುಂಡಾಗಿಲ್ಲದಿದ್ದರೆ ಸದ್ದು ಮಾಡುತ್ತದೆ) ಫ್ಯೂಸಿನ ಎರಡು ತುದಿ ಮುಟ್ಟಿಸಿದ್ದರೆ ಒಂದು ನಿಮಿಷದ ಕೆಲಸ. ಎರಡನೇ ದಂಡ ಇನ್ನೂ ಪೆದ್ದುತನದ್ದು: 1000, 2000, 3000 ಮಾಡೆಲ್‌ಗಳಿಗೆ ಸ್ಕ್ರೀನ್ ಬೇರೆ ಬೇರೆ ಅಂತ ಗೊತ್ತಿಲ್ಲದೆ ತರಿಸಿದ್ದು.

ಜಾತ್ರೆಯಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್‌ ಕೂಡ ಮರೆಯಬಾರದು. ಅಕ್ಕನ ಮಗ ತಂದಿದ್ದರಲ್ಲಿ ಕೆಲವು ಚೌಕಗಳೇ ಮೂಡುತ್ತಿರಲಿಲ್ಲ. ಅದರ ಗಾಜು ಮತ್ತು ಬೋರ್ಡಿನ ಮಧ್ಯೆ ಸೋಲ್ಡರ್ ಇಲ್ಲ, ಕಪ್ಪು ಬಿಳಿ ಪಟ್ಟೆಯ ಒಂದು ರಬ್ಬರ್ ತುಂಡು ಇದೆ. ಜೀಬ್ರಾ ಅಂತಲೇ ಅದರ ಹೆಸರು. ಅದನ್ನೂ ಗಾಜಿನ ಅಂಚನ್ನೂ ಆಲ್ಕೋಹಾಲ್‌ನಲ್ಲಿ ಒರೆಸಿ, ಬೋರ್ಡಿನ ಕಪ್ಪು ಪ್ಯಾಡ್‌ಗಳನ್ನು ಕೆರೆಯದೆ ಹಗುರವಾಗಿ ಸವರಿ, ಸ್ಕ್ರೂಗಳನ್ನು ಸಮವಾಗಿ ಬಿಗಿ ಮಾಡಿದೆ. ಎಲ್ಲ ಚೌಕ ಬಂದವು. ಖರ್ಚು ಸೊನ್ನೆ.

ಈಗ ಮೇಜಿನ ಮೇಲೆ ನಿಂಟೆಂಡೊದ್ದೇ ಮಡಚುವ ಗೇಮ್, ಒಂದು ಡಿಎಸ್ ಲೈಟ್ ಇದೆ. ಸ್ವಿಚ್ ಒತ್ತಿದರೆ ಹಸಿರು ದೀಪ ಒಂದು ಕ್ಷಣ ಮಿನುಗಿ ಆರುತ್ತದೆ, ತಂದವರು ಬೋರ್ಡೇ ಸತ್ತಿದೆ ಅಂತ ಕೈಬಿಟ್ಟಿದ್ದಾರೆ. ಇದರಲ್ಲಿ ಎರಡು ಸ್ಕ್ರೀನಿನಲ್ಲಿ ಒಂದು ಸರಿಯಾಗಿ ಜೋಡಣೆಯಾಗದಿದ್ದರೂ ಹೀಗೇ ಆಫ್ ಆಗುತ್ತದೆ. ಮೇಲಿನ ಸ್ಕ್ರೀನಿನ ರಿಬ್ಬನ್ ಕೀಲಿನೊಳಗೆ ಸುರುಳಿ ಸುತ್ತಿಕೊಂಡು ಬರುತ್ತದೆ, ಮಡಚಿ ತೆರೆದು ಮಾಡಿ ಅದೇ ಹರಿದಿರಬೇಕು ಅನ್ನುವುದು ನನ್ನ ಗುಮಾನಿ. ಶನಿವಾರ ಬಿಚ್ಚುತ್ತೇನೆ.